ಗೋಡೆಗೆ ಹಾಕಿದ ಕಚ್ಚಾ ಹೊಲಿಗೆ

ನಮ್ಮ ಸೋದರಮಾವನಿಗೆ ಮನುಷ್ಯರ ಮೈಗೂ ಮನೆಯ ಗೋಡೆಗೂ ಇರುವ ವ್ಯತ್ಯಾಸ ಈವರೆಗೂ ತಿಳಿದಿಲ್ಲ! ಮಲಯಾಳ ಸೀಮೆಯ ಕಾಟ್ಟಿಕುಳಂ ಪೇಟೆಯಲ್ಲಿ ಬಸ್ಸು ನಿಲ್ಲುವ ಕಡೆ ಅವರದ್ದೊಂದು ಟೈಲರ್ ಅಂಗಡಿ. ಕೊರಳಲ್ಲಿ ಟೇಪು ಇಲ್ಲದ ಅವರನ್ನು ನೋಡಿದವರೇ ಇಲ್ಲ. ಮದುವೆಯ ಫೋಟೋದಲ್ಲೂ ಹಾರದ ಕೆಳಗಿನಿಂದ ಅದು ಇಣುಕುತ್ತದೆ. ಅಂಥವರು ಮನೆ ಮಾರಲು ಹೊರಟು, ಗೋಡೆಗಳಿಗೆ ಬಣ್ಣ ಆರಿಸುವ ಕೆಲಸವನ್ನು ತಮ್ಮ ಕೈಗೇ ತೆಗೆದುಕೊಂಡರೆ ಏನೇನು ಆಗಬಹುದೋ ಅದೆಲ್ಲ ಆಯಿತು.

ಮನೆ ಮಾರುವುದು ಖುಷಿಯ ಸಂಗತಿಯೇನೂ ಆಗಿರಲಿಲ್ಲ. ಬಾವಲಿ ಊರಿಗೆ ಹೋಗುವ ರಸ್ತೆಯಲ್ಲಿ, ಕಾಡಿನ ಅಂಚಿನಲ್ಲಿ, ಊರವರ ಅಂಗಿ ರವಿಕೆ ಹೊಲಿದ ದುಡ್ಡಿನಲ್ಲಿ ಮಾವ ಕಟ್ಟಿಸಿದ ಮನೆ ಅದು. ಹೋದ ಹಲಸಿನ ಕಾಲದಲ್ಲಿ ಒಂದು ಆನೆ ಬಂದು ಅಡುಗೆಮನೆಯ ಗೋಡೆ ಕೆಡವಿ, ಒಳಗಿದ್ದ ಹಣ್ಣು ತಿಂದು ತನ್ನ ದಾರಿ ಹಿಡಿಯಿತು. ಗೋಡೆಯನ್ನು ಮತ್ತೆ ಕಟ್ಟಿಸಿದರು. ಹೋದ ನಿದ್ದೆಯನ್ನು ಅತ್ತೆಗೆ ತಂದುಕೊಡಲು ಯಾರಿಂದಲೂ ಆಗಲಿಲ್ಲ. ಎಲೆ ಬಿದ್ದ ಸದ್ದಾದರೂ ಎದ್ದು ಕೂರುವರು. ಅಕ್ಕಪಕ್ಕದವರು ಆಗಲೇ ಬೀಗ ಹಾಕಿಕೊಂಡು ಹೋಗಿದ್ದರು. ಸಂಜೆಯಾದರೆ ಆ ಕಡೆ ಒಂದು ದೀಪವೂ ಕಾಣುತ್ತಿರಲಿಲ್ಲ. ಇದನ್ನು ಮಾರಿ ಮಾನಂತವಾಡಿ ಪೇಟೆಯ ಒಳಗೆ, ಜನರ ನಡುವೆ, ಎಷ್ಟೇ ಸಣ್ಣದಾದರೂ ಒಂದು ಮನೆ ನೋಡೋಣ ಎಂದು ಅತ್ತೆ ಅಂಗಲಾಚಿದರು. ಮಾವ ಮುಖ ಸಪ್ಪಗೆ ಮಾಡಿಕೊಂಡು ಹೂಂ ಎಂದರು.

ಅಂದಿನಿಂದ ಅತ್ತೆ ದಿನಾ ಮಾವನ ಜೊತೆ ಅಂಗಡಿಗೆ ಹೊರಟರು, ಗುಂಡಿ ಹುಕ್ಕು ಹಾಕಿಕೊಡಲು. ಹಾಕಿಕೊಡಲು ಎಂಬುದು ಹೇಳಿಕೊಳ್ಳುವುದಕ್ಕೆ ಅಷ್ಟೆ! ಹೋದೊಡನೆ ಬಟ್ಟೆಯ ಗಂಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. "ನಮ್ಮಂಗ್ಡೀಲಿ ಎಲ್ಡು ಮಿಷನ್ನು. ಒಂದು ಹೊಲೀತದೆ, ಇನ್ನೊಂದು ಬರೀ ಸದ್ದು ಮಾಡ್ತದೆ" ಎಂದು ಮಾವ ಗಿರಾಕಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಬ್ರೋಕರ್ ಬಂದು ಮನೆಯನ್ನು ಸುತ್ತಿ ನೋಡಿದ. ಒಳಗೆಲ್ಲ ಐವರಿ ಬಿಳಿ ಹೊಡೆಸಿ, ಮನೆ ದೊಡ್ಡದಾಗಿ ಕಾಣುತ್ತದೆ, ಬೇರೆ ಬಣ್ಣ ವೇಂಡವೇ ವೇಂಡ ಎಂದು ಮಲಯಾಳದಲ್ಲಿ ಕಡ್ಡಿ ಮುರಿದಂತೆ ಹೇಳಿ ಹೋದ. ಮಾವನಿಗೆ ಅದು ಅವಮಾನವಾಗಿ ತೋರಿತು. ಅಳತೆ ತೆಗೆದುಕೊಳ್ಳದೆ ಬಟ್ಟೆ ಹೇಳುವವನೂ ಒಬ್ಬ ಮನುಷ್ಯನೇ?

ಅವರನ್ನು ಪೇಂಟಿನ ಅಂಗಡಿಗೆ ಕರೆದುಕೊಂಡು ಹೋದವಳು ನಾನು. ಯಾಕಾದರೂ ಹೋದೆನೋ! ಶೇಡ್ ಕಾರ್ಡನ್ನು ಕೈಗೆ ಕೊಟ್ಟರೆ ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ಉಜ್ಜಿ ನೋಡಿದರು. ಒಗೆದರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದರು. ಗೋಡೆಯನ್ನು ಯಾರೂ ಒಗೆಯುವುದಿಲ್ಲ ಎಂದು ಅಂಗಡಿಯವನು ತಾಳ್ಮೆಯಿಂದ ಹೇಳಿದ. ಹಾಗಾದರೆ ಕೊಳೆಯಾದಾಗ ಏನು ಮಾಡುತ್ತೀರಿ ಎಂದು ಮಾವ ಅವನನ್ನೇ ಪಾಪ ಎನ್ನುವಂತೆ ನೋಡಿದರು.

ಮನೆಗೆ ಬಂದು ಟೇಪು ಹಿಡಿದರು. ಹಜಾರದ ಗೋಡೆ ಸ್ಥೂಲಕಾಯ, ಅದಕ್ಕೆ ಗಾಢ ಬಣ್ಣ ಬೇಕು. ಅಡುಗೆಮನೆ ಕುಳ್ಳು, ಉದ್ದ ಪಟ್ಟೆ ಎಳೆದರೆ ಎತ್ತರ ಕಾಣುತ್ತದೆ. ಮಲಗುವ ಕೋಣೆಗೆ ಸೊಂಟವೇ ಇಲ್ಲ, ನಡುವೆ ಒಂದು ಬಾರ್ಡರ್ ಕೊಡಬೇಕು! ಇಷ್ಟಾದರೂ ಯಾವ ಬಣ್ಣವೂ ಗಟ್ಟಿಯಾಗಲಿಲ್ಲ. ಟ್ರಯಲ್ ನೋಡದೆ ಅವರು ಪಕ್ಕಾ ಹೊಲಿಗೆ ಹಾಕುವವರಲ್ಲ. ಮೊದಲು ಕಚ್ಚಾ ಹೊಲಿಗೆ, ಆಮೇಲೆ ಹಾಕಿಸಿ ನೋಡುವುದು, ಆಮೇಲೆ ಬಿಚ್ಚುವುದು. ಅದೇ ಪ್ರಕಾರ ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡುಗಳನ್ನೆಲ್ಲ ತಂದು ಗೋಡೆಗಳ ತುಂಬ ಪಿನ್ನಿನಿಂದ ಚುಚ್ಚಿದರು. ಬೆಳಗಿನ ಬೆಳಕಲ್ಲಿ ಒಪ್ಪಿದ್ದು ಸಂಜೆಗೆ ಒಪ್ಪದು. ತೆಗೆದು ಬೇರೆ ಚುಚ್ಚುವರು. ವಾರಗಳು ಹೀಗೇ ಕಳೆದವು. ಅತ್ತೆಯ ಕಣ್ಣಿನ ಕೆಳಗಿನ ಕಪ್ಪು ಹೆಚ್ಚುತ್ತಲೇ ಹೋಯಿತು. ಬಣ್ಣ ಗಟ್ಟಿಯಾಗದಿದ್ದರೆ ಮನೆ ಮಾರುವ ಹಾಗಿಲ್ಲವಲ್ಲ, ಈ ಮುದುಕ ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ನನಗೆ ಅನುಮಾನ ಶುರುವಾಯಿತು.

ಕೊನೆಗೆ ಬ್ರೋಕರ್ ಕಾಯಲಾರದೆ ಪುಲ್ಪಳ್ಳಿಯಿಂದ ಒಬ್ಬ ಮೆಣಸಿನ ವ್ಯಾಪಾರಿಯನ್ನು ಹೆಂಡತಿ ಸಮೇತ ಕರೆದುಕೊಂಡು ಬಂದ. ಅವರಿಗೆ ಮನೆ ಹಿಡಿಸಿತು. ಬಟ್ಟೆ ಚುಚ್ಚಿದ ಗೋಡೆಗಳನ್ನೂ ನಕ್ಕು ಸಹಿಸಿಕೊಂಡರು. ಅಡುಗೆಮನೆಗೆ ಬಂದಾಗ ಗ್ರಹಚಾರ ಕೆಟ್ಟಿತು. ಮಳೆಗಾಲದಲ್ಲಿ ಕಟ್ಟಿಸಿದ ಹೊಸ ಗೋಡೆಯ ಗಾರೆ ಇನ್ನೂ ಹಸಿ. ಮಾವ ಅದರ ಮೇಲೆ ಚುಚ್ಚಿದ್ದ ಕೆಂಪು ರವಿಕೆ ಬಟ್ಟೆ ನೀರು ಹೀರಿ ಬಣ್ಣ ಬಿಟ್ಟು, ಗೋಡೆಯ ಉದ್ದಕ್ಕೂ ನೆಲದವರೆಗೆ ಕೆಂಪಗೆ ಇಳಿದಿತ್ತು. ಆನೆಯ ಕತೆ ಆ ಹೆಂಗಸಿನ ಕಿವಿಗೆ ಮೊದಲೇ ಬಿದ್ದಿತ್ತು. ಇಲ್ಲಿ ಯಾರಾದರೂ ಸತ್ತರೇ ಎಂದು ಗಂಡನ ಕೈ ಹಿಡಿದುಕೊಂಡು ಕೇಳಿದಳು. ಮಾವ ಕೊರಳ ಟೇಪು ಸರಿಮಾಡಿಕೊಂಡು, "ಇಲ್ಲ ಇಲ್ಲ, ಇದು ಟ್ರಯಲ್ಲು ಅಷ್ಟೆ" ಎಂದುಬಿಟ್ಟರು.

ಅವರ ಜೀಪು ಹೋದ ವೇಗ ನೋಡಬೇಕಿತ್ತು! ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಅತ್ತೆಯನ್ನು ನೋಡಿದೆ. ಆ ಕೆಂಪು ಗೋಡೆಯ ಎದುರು ನೆಲದ ಮೇಲೆ ಕುಳಿತಿದ್ದರು. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು, ಮಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮರುದಿನ ಮಧ್ಯಾಹ್ನ ಜಗಳವಾಡಬೇಕೆಂದೇ ಅಂಗಡಿಗೆ ಹೋದೆ. ದೂರದಿಂದಲೇ ಮಿಷನ್ನಿನ ಸದ್ದು ಕೇಳುತ್ತಿತ್ತು. ಮಾವ ಬೆವರು ಸುರಿಸುತ್ತಾ ತುಳಿಯುತ್ತಿದ್ದರು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಸೂಜಿಯಲ್ಲಿ ದಾರವೂ ಇರಲಿಲ್ಲ.

ಅತ್ತೆ ಗಂಟಿಗೆ ಒರಗಿ ನಿದ್ದೆ ಹೋಗಿದ್ದರು.

"ನಿಲ್ಸುದ್ರೆ ಏಳ್ತಾಳೆ ಕಣವ್ವ" ಎಂದು ಮಾವ ಪಿಸುಗುಟ್ಟಿದರು. "ಬೆಳಗ್ಗೆ ದಾರ ಮುಗೀತು ಅಂತ ನಿಲ್ಸ್‌ದೆ. ಆನೆ ಬಂತಾ ಅಂತ ಎದ್ದು ಕೂತ್ಕಂಡ್ಲು. ಈ ಸದ್ದಿದ್ರೆನೇ ಅವ್ಳಿಗೆ ನಿದ್ದೆ. ಇಷ್ಟು ದಿನ ನಂಗೆ ತಿಳೀಲೇ ಇಲ್ಲ."

ತುಳಿಯುವ ಕಾಲು ನಿಲ್ಲಲಿಲ್ಲ. ನನ್ನ ಮುಖ ನೋಡದೆ ಹೇಳಿದರು: "ಆ ಬ್ರೋಕರ್‌ಗೆ ಹೇಳ್ಬುಡು. ಐವರಿನೇ ಹೊಡೀಲಿ."

"ಒಪ್ಪಲ್ಲ ಅಂದಿದ್ರಲ್ಲ ಮಾವ?"

"ಗೋಡೆಗೆ ಒಪ್ಪಲ್ಲ. ಅವ್ಳಿಗೆ ಒಪ್ತದೆ."

ಬೆಳಗಿನಿಂದ ತುಳಿದು ಅವರ ಕಾಲು ಸೋತಿತ್ತು. ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, ಸದ್ದು ನಿಲ್ಲದ ಹಾಗೆ, ಅವರ ಕಾಲಿನ ಪಕ್ಕದಲ್ಲಿ ನನ್ನ ಕಾಲು ಇಟ್ಟೆ. ಮಾವ ಮೆಲ್ಲಗೆ ಎದ್ದು ಚಹಾ ಕುಡಿಯಲು ಹೋದರು. ಅವರು ಬರುವವರೆಗೆ ದಾರವಿಲ್ಲದ ಆ ಮಿಷನ್ನು ತುಳಿಯುತ್ತಾ ಕುಳಿತೆ. ಅತ್ತೆ ಏಳಲಿಲ್ಲ.