ಅಂಗಳದಲ್ಲಿ ಮಲಗಿದ ಫೋನು

"ಫೋನ್ ಕೆಟ್ಟರೆ ಇನ್ನೊಬ್ಬರ ಕಾಲು ಹಿಡಿಯೋ ಪೈಕಿ ಅಲ್ಲ ನಾನು!"

ಶನಿವಾರ ಮಧ್ಯಾಹ್ನ ವೆನ್ಲಾ ಅಡುಗೆಮನೆಯಿಂದ ಹೀಗೆ ಘೋಷಿಸಿದಳು. ಟಾಂಪೆರೆ ಎಂಬ ಚಳಿಯೂರಿನ ಆ ಮೂರನೇ ಮಹಡಿಯ ಮನೆಯಲ್ಲಿ ಅವಳ ಸಭಿಕ ಒಬ್ಬನೇ, ಗಂಡ ಓತ್ಸೊ. ಅವನೂ ಬನ್ ತಿನ್ನುವುದರಲ್ಲಿ ಮುಳುಗಿದ್ದ.

ಏಳು ತಿಂಗಳ ಮಗ ತೌಕೊ, ಕೂಸುಗಳನ್ನು ಹೊರಗೇ ಮಲಗಿಸುವ ಆ ಊರಿನ ರೂಢಿಯಂತೆ, ಕೆಳಗಿನ ಅಂಗಳದ ಚಳಿಯಲ್ಲಿ ತನ್ನ ಗಾಡಿಯೊಳಗೆ ಉಣ್ಣೆಯ ಮೂಟೆಯಾಗಿ ಮಲಗಿದ್ದ. ತಲೆದೆಸೆಯಲ್ಲಿ ಹಳೆಯ ಫೋನು. ಅವನು ಮುಲುಗಿದರೆ ವೆನ್ಲಾಳ ಹೊಸ ಫೋನಿನಲ್ಲಿ ಕೇಳಬೇಕು. ಆದರೆ ಬೆಳಿಗ್ಗೆ ಎರಡಕ್ಕೂ ಅಪ್‌ಡೇಟ್ ಎಂಬ ಮಹಾಸಂಸ್ಕಾರ ನಡೆದಿತ್ತು. ಅಲ್ಲಿಂದೀಚೆಗೆ ಉಸಿರಿನ ಸದ್ದೂ ಇಲ್ಲ!

ಕಂಬಳಿ ಮೂಗಿಗೆ ಬಂದಿರಬಹುದೇ? ಕಾಗೆ ಟೋಪಿ ಎಳೆದಿರಬಹುದೇ? ವೆನ್ಲಾ ಫೋನನ್ನು ಆರಿಸಿ ಹಚ್ಚಿದಳು, ಕಂಡ ಕಂಡ ಗುಂಡಿಗಳನ್ನೆಲ್ಲ ಒತ್ತಿದಳು.

"ಇಳಿದು ನೋಡ್ಕೊಂಡು ಬಾರೇ. ಅರವತ್ತೇ ಮೆಟ್ಟಿಲು," ಎಂದ ಓತ್ಸೊ.

"ಹೇಗೆ ಇಳೀಲಿ? ಇವತ್ತು ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸೋ ದಿನ. ಜ್ವರ ಅಂತ ಬರೆದು ಕಳಿಸಿದೀನಿ! ಕೆಳಗೆ ಕಾಣಿಸಿಕೊಂಡ್ರೆ ಆ ಕೆಳಮನೆ ಹಿಲ್ಕ ಅಜ್ಜಿ ಕೈಗೆ ಪೊರಕೆ ತುರುಕ್ತಾಳೆ. ಕಸದ ಮಹಾರಾಣಿ!"

"ಹಾಗಾದ್ರೆ ನಾನೇ ಹೋಗ್ತೀನಿ."

"ಬೇಡಪ್ಪಾ! ಹೆಂಡತಿಗೆ ಜ್ವರ, ಗಂಡನ ಕೆನ್ನೆ ತುಂಬ ಬನ್ನು! ಸುಮ್ಮನೆ ಕೂತ್ಕೋ."

ಅವಳು ಕಿಟಕಿಗೆ ಹೋಗಿ, ಫೋನನ್ನು ಬಾಯಿಗೆ ಹಿಡಿದು ಕಿರುಚಿದಳು: "ಹಲೋ! ಕೇಳಿಸ್ತಾ ಇದೆಯಾ?"

ಕೆಳಗೆ ನಾಲ್ಕು ತಲೆಗಳು ಒಟ್ಟಿಗೆ ಆಡಿದವು. ಮೆಟ್ಟಿಲಲ್ಲಿ ಹತ್ತು ವರ್ಷ ಎದುರಾದರೂ ತುಟಿ ಬಿಚ್ಚದ ಜನ! ವಸಂತದ ಬಿಸಿಲು ಕಲ್ಲನ್ನೂ ಕರಗಿಸುತ್ತದೆ ಎಂದುಕೊಂಡು ವೆನ್ಲಾ ಇನ್ನೂ ಇಪ್ಪತ್ತು ನಿಮಿಷ ಫೋನಿಗೆ, ಗಂಡನಿಗೆ, ಅಂಗಳದವರಿಗೆ ಸರದಿಯ ಮೇಲೆ ಬೈಗುಳದ ಸಹಸ್ರನಾಮ ಮಾಡಿದಳು. ಕೊನೆಗೆ ತಾಯಿಕರುಳು ಸೋತಿತು. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು, ಕೊರಳಿಗೆ ಎರಡು ಶಾಲು ಸುತ್ತಿ, ಜ್ವರದ ಕೆಮ್ಮು ಅಭ್ಯಾಸ ಮಾಡುತ್ತ ಇಳಿದಳು.

ಗಾಡಿಯ ಸುತ್ತ ಎಲ್ಲರೂ ಗಂಭೀರವಾಗಿ ಗುಡಿಸುತ್ತಿದ್ದರು. ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದರು. ಅವಳು ಕೆಮ್ಮಿದಳು. ಗಾಡಿಯೊಳಗಿಂದ ಓತ್ಸೊನ ಧ್ವನಿ ಮೊಳಗಿತು: "ಅಬ್ಬಾ, ಹೋದ್ಲು! ಇನ್ನೊಂದು ಬನ್ನು ತಿನ್ಬಹುದು."

ವೆನ್ಲಾಳ ಕೆಮ್ಮು ಅರ್ಧಕ್ಕೇ ನಿಂತಿತು. ಅಪ್‌ಡೇಟು ತಾಯಿಯ ಫೋನನ್ನು ಮಗುವಾಗಿಸಿ, ಮಗುವಿನ ಫೋನನ್ನು ತಾಯಿಯಾಗಿಸಿತ್ತು. ಅಡುಗೆಮನೆಯ ಅಷ್ಟೂ ಮಾತು ಅಂಗಳಕ್ಕೆ ನೇರ ಪ್ರಸಾರ!

ಅಷ್ಟರಲ್ಲಿ ತೌಕೊ ಕಣ್ಣುಬಿಟ್ಟು ರಾಗ ತೆಗೆದ. ಹಿಲ್ಕ ಪೊರಕೆ ಗೋಡೆಗೊರಗಿಸಿ ಅವಳತ್ತ ಬಂದಳು.

"ಕ್ಷಮಿಸಿ ಅಜ್ಜೀ, ನಾನು..."

"ಅದೆಲ್ಲ ಆಮೇಲೆ ಕಣಮ್ಮಾ. ನೀನು ಬೈಯ್ತಾ ಇರೋವರೆಗೂ ಕೂಸು ಕಲ್ಲಿನ ಹಾಗೆ ಮಲಗಿತ್ತು. ನಿಲ್ಲಿಸಿದೆ, ಎದ್ದುಬಿಡ್ತು. ಬೇಗ ಮೇಲೆ ಹೋಗಿ ನನ್ನಿಂದಲೇ ಮತ್ತೆ ಶುರುಮಾಡು!"