ಬಲಕ್ಕೆ ಬಿದ್ದ ಹೂವು

ಶೇಷಪ್ಪನ ಫಜೀತಿ ಶುರುವಾದದ್ದು ಅರ್ಧ ಬುಟ್ಟಿ ಬಿಡಿ ಸೇವಂತಿಗೆಯಿಂದ.

ಕಾರ್ತಿಕದ ಸೋಮವಾರ. ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿನ ತನ್ನ ಹೂವಿನ ಅಂಗಡಿಯ ಶಟರ್ ಎತ್ತಿ, ಕಟ್ಟೆಗೆ ನೀರು ಚಿಮುಕಿಸಿ, ಅವನು ಇನ್ನೇನು ಕೂರಬೇಕು ಎನ್ನುವಷ್ಟರಲ್ಲಿ ಮಳಿಗೆಯ ಮಾಲೀಕರಾದ ಚಂದ್ರಶೇಖರಪ್ಪನವರೇ ಬಂದು ಎದುರಿಗೆ ನಿಂತರು.

"ಶೇಷಪ್ಪ, ಮಧ್ಯಾಹ್ನ ಚೌಡಮ್ಮನ ಗುಡಿಗೆ ಅರ್ಧ ಬುಟ್ಟಿ ಬಿಡಿ ಸೇವಂತಿಗೆ ಬೇಕಪ. ಪ್ರಸಾದ ಕೇಳೋದೈತಿ."

"ತರ್ತೀನಿ ಯಜಮಾನ್ರೇ. ಎಂತ ವಿಷಯಕ್ಕೆ?"

ಚಂದ್ರಶೇಖರಪ್ಪನವರು ಅಂಗಡಿಯ ಸೂರನ್ನು ಒಮ್ಮೆ ನೋಡಿದರು, ನೆಲವನ್ನು ಒಮ್ಮೆ ನೋಡಿದರು. ಶೇಷಪ್ಪನ ಮುಖವನ್ನು ಮಾತ್ರ ನೋಡಲಿಲ್ಲ.

"ಇದೇ ಅಂಗಡಿ ವಿಷಯ. ಮೊಬೈಲ್ ರಿಪೇರಿ ಮಾಡ್ತಾನಲ್ಲ ರಾಜಕುಮಾರ್, ಈ ಮಳಿಗೆ ನಂಗೆ ಕೊಡ್ರಿ ಅಂತ ದಿನಾ ಬೆನ್ನು ಹತ್ತ್ಯಾನೆ. ನಿನ್ನನ್ನೇ ಇಟ್ಕಳದೋ, ಅವನಿಗೆ ಕೊಡದೋ, ಒಂದೂ ತಿಳೀದಂಗಾಗೇತಿ. ಅಮ್ಮನ ಮೇಲೆ ಭಾರ ಹಾಕಿಬಿಡ್ತೀನಿ. ನೀನೂ ಬಂದು ನಿಂತ್ಕ."

ಹೀಗೆಂದು ಹೊರಟೇಹೋದರು. ಶೇಷಪ್ಪ ಕೂರಬೇಕೆಂದಿದ್ದವನು ನಿಂತೇ ಇದ್ದ.

ಚಂದ್ರಶೇಖರಪ್ಪನವರು ಚೌಡಮ್ಮನನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಈಚೆಯಿಂದ ಆಚೆಗೆ ಇಟ್ಟವರಲ್ಲ. ಗುಡಿಯ ಪೂಜಾರಿ ನೀರಲ್ಲಿ ಅದ್ದಿದ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುವುದು, ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳುವುದು, ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಇದು ಊರಿಗೆಲ್ಲ ಇದ್ದ ಪದ್ಧತಿಯೇ. ಆದರೆ ಊರಿನವರು ಮದುವೆ ಮುಂಜಿಗೆ, ಬೋರ್‌ವೆಲ್ಲಿಗೆ ಕೇಳಿದರೆ, ಇವರು ಹಲ್ಲು ಕೀಳಿಸುವುದಕ್ಕೂ ಕೇಳುತ್ತಿದ್ದರು. ಅಮ್ಮ ಎಡಕ್ಕೆ ಕೊಟ್ಟಳೆಂದು ಆ ಹಲ್ಲು ಇನ್ನೂ ಅವರ ಬಾಯಲ್ಲೇ ಅಲ್ಲಾಡುತ್ತಿದೆ.

ಆ ಜಾಗ ಹೋದರೆ ಶೇಷಪ್ಪ ಬೇರೆ ಕಡೆ ಅಂಗಡಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಾಕುವ ಹಾಗಿರಲಿಲ್ಲ. ಅವನದು ವಿಚಿತ್ರ ಹಟ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಹಾಕಿ ಎಲ್ಲಿಂದಲೋ ಬರುವ ಹೂವನ್ನು ಅವನು ಮುಟ್ಟುವುದಿಲ್ಲ. ಬಳ್ಳಿಗಾವಿಯ ಹೊಲದ ಸೇವಂತಿಗೆ, ಚಂದ್ರಗುತ್ತಿ ಕಡೆಯ ಚೆಂಡುಹೂವು, ತನ್ನ ಹುಟ್ಟೂರು ಸೊರಬದ ಉಳವಿಯ ಅಬ್ಬಲಿಗೆ, ಹೀಗೆ ಆಯಾ ಕಾಲಕ್ಕೆ ಸುತ್ತಮುತ್ತ ಏನು ಅರಳುತ್ತದೋ ಅಷ್ಟೇ ಅವನ ವ್ಯಾಪಾರ. ಕಾರ್ತಿಕದಲ್ಲಿ ಯಾರಾದರೂ ಮಲ್ಲಿಗೆ ಕೇಳಿದರೆ "ಯುಗಾದಿ ಕಳೀಲಿ, ಬನ್ನಿ" ಎನ್ನುತ್ತಿದ್ದ. ಮದುವೆ ಈ ಶುಕ್ರವಾರವೇ ಎಂದು ಅವರು ಹೇಳಿದರೆ, ಮದುವೆಯನ್ನು ಮುಂದೆ ಹಾಕಬಾರದೇ ಎನ್ನುವಂತೆ ನೋಡುತ್ತಿದ್ದ. ಆ ಹೂವಿನ ಗಂಟುಗಳೆಲ್ಲ ಬೆಳಗಿನ ಬಸ್ಸುಗಳ ಮೇಲೆ ಬಂದು ಅಂಗಡಿಯ ಎದುರಿಗೇ ಇಳಿಯುತ್ತಿದ್ದವು. ಬಾಡುವ ಮೊದಲೇ ಅದೇ ಬಸ್ಸಿಗೆ ಕಾಯುವ ಹೆಂಗಸರ ಮುಡಿ ಸೇರುತ್ತಿದ್ದವು. ಬಸ್ ಸ್ಟ್ಯಾಂಡ್ ಬಿಟ್ಟರೆ ಅವನ ಹಟವೂ ನಡೆಯದು, ಹೊಟ್ಟೆಯೂ ನಡೆಯದು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಪಕ್ಕದ ಟೀ ಹೋಟೆಲಿನ ಕೊಟ್ರೇಶ್ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ಕೇಳಿಸಿಕೊಳ್ಳದ ಮಾತು ಆ ಬೀದಿಯಲ್ಲಿ ಯಾವುದೂ ಇರಲಿಲ್ಲ. ಸೌಟು ಕೈಯಲ್ಲಿ ಹಿಡಿದುಕೊಂಡೇ ಬಂದ.

"ಅಳೋ ಮುಖ ಯಾಕಪ ಮಾಡ್ತೀ? ಹೂವು ಯಾರ್ದು?"

"ನಂದು."

"ಮತ್ತೆ? ಬೀಳೋ ಹೂವು ಬಲಕ್ಕೆ, ಬೀಳದೇ ಇರೋ ಹೂವು ಎಡಕ್ಕೆ. ಮುಗೀತಲ್ಲ!"

"ದೇವರ ಹತ್ರ ಆಟವಾ ಮಾರಾಯ?" ಎಂದ ಶೇಷಪ್ಪ. ಆದರೆ ಅವನ ಕೈ ಆಗಲೇ ಬುಟ್ಟಿಯಲ್ಲಿ ದಪ್ಪ ಸೇವಂತಿಗೆಯನ್ನು ಹುಡುಕುತ್ತಿತ್ತು.

ಪರೀಕ್ಷೆ ಶುರುವಾಯಿತು. ಮೊದಲು ಶಟರಿಗೆ ಅಂಟಿಸಿದರು. ಎಲ್ಲ ಹೂವೂ ಒಟ್ಟಿಗೇ ಬಿದ್ದವು. ಕೊಟ್ರೇಶನ ಗ್ಯಾಸ್ ಸಿಲಿಂಡರಿಗೆ ಅಂಟಿಸಿದರು. ಒಂದೂ ಬೀಳಲಿಲ್ಲ. ಚೌಡಮ್ಮನ ಭುಜ ಶಟರಿನ ಹಾಗೂ ಇಲ್ಲ, ಸಿಲಿಂಡರಿನ ಹಾಗೂ ಇಲ್ಲ ಎಂದು ಇಬ್ಬರಿಗೂ ಮನವರಿಕೆಯಾದ ಮೇಲೆ, ಕೊಟ್ರೇಶ್ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕುಳಿತ. "ಹಚ್ಚಪ ನನ್ನ ಮೈಗೆ. ಅಲ್ಲಾಡಂಗಿಲ್ಲ ನಾನು."

ಶೇಷಪ್ಪ ಅವನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಿದ್ದಾಗ ಚಂದ್ರಶೇಖರಪ್ಪನವರ ಹೆಂಡತಿ ನೀಲಾಂಬಿಕ ಹೂವಿಗೆಂದು ಬಂದರು. ಟೀ ಮಾಡುವವನು ಮೈತುಂಬ ಸೇವಂತಿಗೆ ಹೊತ್ತು, ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು ಕುಳಿತಿದ್ದಾನೆ. ಅವರಿಗೆ ಒಂದು ಗಳಿಗೆ ಕೈ ಮುಗಿಯುವುದೋ ಬೈಯುವುದೋ ತಿಳಿಯಲಿಲ್ಲ.

"ಕೊಟ್ರೇಶಣ್ಣ, ಏನಿದು ಅವತಾರ?"

"ಮೈ ಉಷ್ಣ ಆಗೇತಿ ಅಕ್ಕಾರ," ಎಂದ ಕೊಟ್ರೇಶ್, ಕಣ್ಣು ತೆರೆಯದೆ. "ಸೇವಂತಿಗೆ ಭಾಳ ತಂಪು."

ನೀಲಾಂಬಿಕ ನಂಬಿದರೋ ಇಲ್ಲವೋ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಮುದುಕರು ನಂಬಿದರು. ಒಂದೊಂದು ಪೊಟ್ಟಣ ಕಟ್ಟಿಸಿಕೊಂಡು, ಭುಜಕ್ಕೇ ಹಚ್ಚಬೇಕೋ ನೆತ್ತಿಗೂ ಹಚ್ಚಬಹುದೋ ಎಂದು ವಿಚಾರಿಸಿಕೊಂಡು ಹೋದರು.

ಅಷ್ಟು ಹೊತ್ತಿಗೆ ಶೇಷಪ್ಪನ ಹೆಂಡತಿ ಬಂಗಾರಮ್ಮ ಮನೆಯಲ್ಲಿ ಕಟ್ಟಿದ ಅಬ್ಬಲಿಗೆ ದಂಡೆಗಳನ್ನು ತಂದಳು. ಸಂಗತಿ ಕೇಳಿ ಸೊಂಟಕ್ಕೆ ಕೈಯಿಟ್ಟಳು.

"ನಿಮಗೆ ತಲೆ ಕೆಟ್ಟಿದೆಯಾ? ಚೌಡಮ್ಮ ಅಂದ್ರೆ ಎಂತ ಅಂದ್ಕಂಡೀರಿ? ಸುಟ್ಟು ಬೂದಿ ಮಾಡ್ತಾಳೆ. ಸುಮ್ಮನೆ ಹೂವು ಕೊಟ್ಟು, ಕೈ ಮುಗಿದು ಬನ್ನಿ." ಹೀಗೆ ಬೈದವಳು ದಂಡೆಗಳನ್ನು ನೇತುಹಾಕಿದಳು. ಆಮೇಲೆ ದನಿ ಇಳಿಸಿ, "ಆ ದಪ್ಪ ಹೂವಿನ ಬೆನ್ನಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿದ್ರೆ ಜಾರ್ತದೆ," ಎಂದಳು.

ಎಡಗಡೆಯ ಹೂವು ಜಾರದಿರಲು ಕೊಟ್ರೇಶ್ ಹೋಟೆಲಿನಿಂದ ಬೆಲ್ಲದ ಪಾಕ ತಂದುಕೊಟ್ಟ. ಬಲಕ್ಕೆ ನೀರು ಕುಡಿದು ಭಾರವಾದ ಹಳದಿ ಸೇವಂತಿಗೆ, ಬೆನ್ನಿಗೆ ಎಣ್ಣೆ. ಎಡಕ್ಕೆ ಪುಟ್ಟ ಬಿಳಿ ಸೇವಂತಿಗೆ, ಬೆನ್ನಿಗೆ ಪಾಕ. ಕೊಟ್ರೇಶನ ಮೈಮೇಲೆ ಹಳದಿ ಹೂವು ಹೀಗೆ ಅಂಟಿಸಿದರೆ ಹಾಗೆ ಜಾರಿ ಬಿತ್ತು. ಬಿಳಿಯದನ್ನು ಕೀಳಬೇಕಾದರೆ ಅವನ ಭುಜದ ನಾಲ್ಕು ಕೂದಲೂ ಕಿತ್ತು ಬಂದವು.

ಮಧ್ಯಾಹ್ನದ ಪೂಜೆಯ ಹೊತ್ತಿಗೆ ಶೇಷಪ್ಪ ಎರಡು ಬಾಳೆಯೆಲೆಯ ಪೊಟ್ಟಣ ಹಿಡಿದು ಗುಡಿಗೆ ಬಂದ. ಹಿಂದೆಯೇ ಕೊಟ್ರೇಶ್, ಅವನ ಹಿಂದೆ ಬೀದಿಯ ಅರ್ಧ ಜನ. ಪೂಜಾರಿ ಆನಂದಪ್ಪನವರು ಪೊಟ್ಟಣ ಬಿಚ್ಚಿ ನೋಡಿ, "ಇದೇನೋ ಎರಡು ಬಣ್ಣ?" ಎಂದರು.

"ಹಳದಿ ಬಲಕ್ಕೆ, ಬಿಳಿ ಎಡಕ್ಕೆ ಪೂಜಾರ್ರೇ. ಕಾರ್ತಿಕದಾಗೆ ಹಂಗೇ ಏರ್ಸೋದು ಒಳ್ಳೇದು."

"ನಲವತ್ತು ವರ್ಷದಿಂದ ಏರಿಸ್ತಿರೋನಿಗೆ ನೀನು ಹೇಳಿಕೊಡ್ತೀಯಾ?" ಎಂದು ಗದರಿದರೂ, ಆನಂದಪ್ಪನವರು ಮಾತು ತೆಗೆದುಹಾಕಲಿಲ್ಲ. ಹಳದಿ ಹೂವಿನ ಪೊಟ್ಟಣ ಎತ್ತಿಕೊಂಡು, ಅಮ್ಮನಿಗೆ ಎದುರಾಗಿ ಕುಳಿತು, ತಮ್ಮ ಬಲಗಡೆಗೆ ಬರುವ ಅವಳ ಭುಜಕ್ಕೆ ಕೈ ಚಾಚಿದರು.

ಶೇಷಪ್ಪನಿಗೆ ಆಗ ಹೊಳೆಯಿತು. ಎದುರಿಗೆ ಕುಳಿತವರ ಬಲ ಅಮ್ಮನಿಗೆ ಎಡ! ಲೆಕ್ಕಕ್ಕೆ ಬರುವುದು ಅಮ್ಮನ ಬಲವೇ ಹೊರತು ಪೂಜಾರಿಯ ಬಲವಲ್ಲ. ಎಣ್ಣೆ ಹಚ್ಚಿದ ಹೂವೆಲ್ಲ ಎಡಕ್ಕೆ ಹೋಗುತ್ತಿದೆ.

"ಅಲ್ಲಲ್ಲ! ಅಮ್ಮನ ಬಲಕ್ಕೆ ಪೂಜಾರ್ರೇ, ನಿಮ್ಮ ಬಲಕ್ಕಲ್ಲ!" ಎಂದು ಕೂಗಿಯೇಬಿಟ್ಟ.

ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆನಂದಪ್ಪನವರು ಅವನನ್ನು ದುರುಗುಟ್ಟಿ ನೋಡಿ, ಕೈ ಬದಲಿಸಿ, ಹಳದಿಯನ್ನು ಅಮ್ಮನ ಬಲಭುಜಕ್ಕೂ ಬಿಳಿಯನ್ನು ಎಡಭುಜಕ್ಕೂ ಸಾಲಾಗಿ ಅಂಟಿಸಿದರು. ಗಂಡಾಂತರ ತಪ್ಪಿತೆಂದು ಶೇಷಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ.

"ಕೇಳ್ಕಳ್ರಿ," ಎಂದರು ಪೂಜಾರಿ.

ಚಂದ್ರಶೇಖರಪ್ಪನವರು ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೂವು ಬೀಳಲಿಲ್ಲ. ಕೊಟ್ರೇಶನ ಮೈಮೇಲೆ ಅಷ್ಟು ಚುರುಕಾಗಿ ಬಿದ್ದ ಹೂವಿಗೆ ಅಮ್ಮನ ಮೈಮೇಲೆ ಏನಾಯಿತೋ, ಹಾಯಾಗಿ ಕುಳಿತುಬಿಟ್ಟಿತ್ತು. ಬದಲಿಗೆ ಎಡಭುಜದ ಕಡೆ ಸಣ್ಣದೊಂದು ಚಲನೆ ಕಂಡಿತು. ಶೇಷಪ್ಪ ಬಗ್ಗಿ ನೋಡಿದ. ಇರುವೆ! ಬೆಲ್ಲದ ವಾಸನೆಗೆ ಗುಡಿಯ ಇರುವೆಗಳೆಲ್ಲ ಸಾಲುಗಟ್ಟಿ ಹತ್ತುತ್ತಿವೆ. ಒಂದು ಬಿಳಿ ಹೂವು ಮೆಲ್ಲಗೆ ಅಲುಗಿತು. ಒಂದಿಷ್ಟು ಓರೆಯಾಯಿತು. ಇನ್ನೊಂದಿಷ್ಟು ಓರೆಯಾಯಿತು.

ತಾಯೀ, ತಪ್ಪಾಯ್ತು, ಎಣ್ಣೆ ಹಚ್ಚಿದ್ದು ನನ್ನ ಹೆಂಡ್ತಿ ಮಾತು ಕೇಳಿ, ಪಾಕ ಹಚ್ಚಿದ್ದು ಕೊಟ್ರೇಶನ ಮಾತು ಕೇಳಿ, ನಾನು ನಿರಪರಾಧಿ ಎಂದು ಶೇಷಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿಕೊಂಡರೆ ಸಾಲದೆಂದು ತೋರಿತು. ಬಾಗಿಲ ಪಕ್ಕದಲ್ಲಿ ತೂಗುತ್ತಿದ್ದ ದೊಡ್ಡ ಗಂಟೆಯ ಹಗ್ಗ ಹಿಡಿದು, ಭಕ್ತಿ ಉಕ್ಕಿ ಬಂದವನಂತೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿದ.

ಢಣ್ ಎಂದ ಸದ್ದಿಗೆ ಗರ್ಭಗುಡಿಯೇ ನಡುಗಿತು. ಒಂದು ಹಳದಿ ಹೂವು ಜಾರಿತು. ಅದರ ಬೆನ್ನಿಗೇ ಮತ್ತೊಂದು. ಆಮೇಲೆ ತಡೆಯುವವರೇ ಇಲ್ಲ. ಬಲಭುಜದ ಹೂವೆಲ್ಲ ಒಂದರ ಮೇಲೊಂದು ದಬದಬ ಸುರಿದು ಅಮ್ಮನ ಪಾದ ಮುಚ್ಚಿಹೋಯಿತು. ಎಡಗಡೆಯ ಒಂದು ಎಸಳೂ ಉದುರಲಿಲ್ಲ.

"ಬಲ! ಬಲ!" ಎಂದು ಆನಂದಪ್ಪನವರು ಎದ್ದು ನಿಂತರು. "ನನ್ನ ಕಾಲದಾಗೆ ಹಿಂಥಾ ಬಲ ನೋಡಿಲ್ಲ ಯಜಮಾನ್ರೇ!" ಬಿದ್ದ ಹೂವೊಂದನ್ನು ಎತ್ತಿ, ಬೆರಳು ಉಜ್ಜಿ ನೋಡಿ, ಅವರ ಕಣ್ಣು ಅಗಲವಾಯಿತು. "ಜಿಡ್ಡು! ಅಮ್ಮ ಬೆವರ್ಯಾಳೆ!"

ಜನವೆಲ್ಲ ಕೈ ಮುಗಿಯಿತು. ಕೊಟ್ರೇಶನೂ ಮುಗಿದ. ಹಚ್ಚಿದವನ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಅರೆಗಳಿಗೆ ನಂಬಿಕೆ ಬಂದಂತೆ ಕಾಣಿಸಿತು.

ಚಂದ್ರಶೇಖರಪ್ಪನವರ ಕಣ್ಣಲ್ಲಿ ನೀರು. ಇದೇ ಸಮಯವೆಂದು ಶೇಷಪ್ಪ ಮಾತು ಗಟ್ಟಿ ಮಾಡಿಕೊಳ್ಳಲು ನೋಡಿದ.

"ಯಜಮಾನ್ರೇ, ಅಮ್ಮನ ಮಾತು ಮೀರೋ ಹಾಗಿಲ್ಲ ಅಲ್ದಾ?"

"ಮೀರೋದುಂಟೇನಪ? ಸತ್ರೂ ಮೀರೋದಿಲ್ಲ."

"ಇಷ್ಟು ಜನದ ಎದುರಿಗೆ ಆಗಿದ್ದು. ನಾಳೆ ಯಾರೋ ಎಂತದೋ ಹೇಳಿದ್ರು ಅಂತ..."

"ಇಲ್ಲ ಶೇಷಪ್ಪ, ಇಲ್ಲ," ಎಂದು ಚಂದ್ರಶೇಖರಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. "ನಿನ್ನ ದೊಡ್ಡ ಮನಸ್ಸು ನೋಡಿ ಕರುಳು ಕಿವುಚಿದಂಗಾತು. ನಿನ್ನನ್ನ ಬಿಡಿಸೋಕೆ ನಂಗೆ ಎಳ್ಳಷ್ಟೂ ಇಷ್ಟ ಇರ್ಲಿಲ್ಲಪ. ರಾಜಕುಮಾರ್ ಕಾಟ ತಪ್ಪಲಿ ಅಂತ, ಅಮ್ಮನೇ ಬೇಡ ಅಂದ್ಲು ಅಂತ ಅವನಿಗೆ ಹೇಳಾಕೆ ಬಂದಿದ್ದೆ ನಾನು. ಅದಕ್ಕೇ 'ಅವನಿಗೆ ಕೊಡೋದಾದ್ರೆ ಬಲಕ್ಕೆ ಕೊಡು ತಾಯಿ' ಅಂತ ಕೇಳ್ದೆ. ಒಂದೇ ಹೂವು ಬಿದ್ದಿದ್ರೆ ಇನ್ನೊಂದ್ಸಲ ಕೇಳ್ತಿದ್ದೆ ಕಣೋ. ಪೂರಾ ಭುಜಾನೇ ಸುರಿದುಬಿಟ್ಲಲ್ಲ! ಬೆವರಿ ಬೇರೆ ಹೇಳ್ಯಾಳೆ. ಇನ್ನು ನಾನೇನು ಮಾಡ್ಲಿ?"

ಶೇಷಪ್ಪನ ಬಾಯಿ ತೆರೆಯಿತು. ಎಣ್ಣೆಯ ವಿಷಯ ನಾಲಿಗೆಯ ತುದಿಯವರೆಗೆ ಬಂತು. ಆದರೆ ಆನಂದಪ್ಪನವರು ಜಿಡ್ಡಿನ ಹೂವನ್ನು ತಟ್ಟೆಯಲ್ಲಿಟ್ಟು ಮಂಗಳಾರತಿ ಎತ್ತಿದ್ದರು, ಹೆಂಗಸರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಈಗ ಬಾಯಿ ಬಿಟ್ಟರೆ ಹೋಗುವುದು ಅಂಗಡಿಯೊಂದೇ ಅಲ್ಲ. ತಟ್ಟೆ ಅವನ ಮುಂದೆಯೂ ಬಂತು. ಅವನೂ ಕಣ್ಣಿಗೊತ್ತಿಕೊಂಡ. ತನ್ನ ಮನೆಯ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಶುಕ್ರವಾರದ ತನಕ ಇರು, ಅವಸರ ಇಲ್ಲ," ಎಂದು ಚಂದ್ರಶೇಖರಪ್ಪನವರು ಅವನ ಬೆನ್ನು ಸವರಿ, ಫೋನು ಕಿವಿಗೆ ಹಿಡಿದು ಹೊರಗೆ ಹೋದರು.

ಶೇಷಪ್ಪ ಅಂಗಡಿಗೆ ಬಂದಾಗ ಬಂಗಾರಮ್ಮ ಬೀದಿಯಲ್ಲೇ ನಿಂತಿದ್ದಳು.

"ಯಾವ ಕಡೆ ಬಿತ್ತು?"

"ಬಲಕ್ಕೆ," ಎಂದ ಶೇಷಪ್ಪ.

ಅವಳು ಮುಂದಿನ ಮಾತು ಕೇಳಲೇ ಇಲ್ಲ. ದಂಡೆಗಳನ್ನೆಲ್ಲ ತೋಳಿಗೆ ಹಾಕಿಕೊಂಡು, ಬಸ್ಸಿಗೆ ಕಾದಿದ್ದ ಹೆಂಗಸರಿಗೆಲ್ಲ ಒಂದೊಂದು ತುಂಡು ಪುಕ್ಕಟೆ ಹಂಚುತ್ತ ಹೊರಟಳು. ಶೇಷಪ್ಪ ತಡೆಯಲಿಲ್ಲ. ಅಷ್ಟರಲ್ಲಿ ರಾಜಕುಮಾರ್ ಬೈಕು ನಿಲ್ಲಿಸಿ ಅಂಗಡಿಯ ಮುಂದೆ ಬಂದು ನಿಂತ. ಬಂಗಾರಮ್ಮನಿಗೆ ಅವನನ್ನು ನೋಡಿ ಪಾಪ ಎನ್ನಿಸಿತು. ಉಳಿದಿದ್ದರಲ್ಲಿ ಎಲ್ಲಕ್ಕಿಂತ ಉದ್ದದ ದಂಡೆ ಅವನ ಕೈಗಿಟ್ಟಳು.

"ಬೇಜಾರು ಮಾಡ್ಕಳ್ಬೇಡ ತಮ್ಮ. ಅಮ್ಮ ನಿಂಗೂ ಒಂದು ಒಳ್ಳೆ ಜಾಗ ತೋರಿಸ್ತಾಳೆ."

"ಹೂಂ ಅಕ್ಕ," ಎಂದು ರಾಜಕುಮಾರ್ ದಂಡೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಇನ್ನೊಂದು ಜೇಬಿನಿಂದ ಟೇಪು ತೆಗೆದು, ಶಟರಿನ ಅಗಲ ಅಳೆಯತೊಡಗಿದ. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ, ಶೇಷಪ್ಪನೇ ಹಿಡಿದುಕೊಂಡ.