ಡ್ರಮ್ಮಿನ ಮುಂದೆ ಕ್ಯಾಮೆರಾ ಓಡಿಸಲಾಗದ ಬಗ್ಗೆ

“ಅವಳ ಹತ್ರ ಬಂದ್ರೆ ನಿಂತ್ಕೊಂಡು ಊಟ ಆಯ್ತಾ ಅಂತ ಕೇಳುತ್ತೆ, ನನ್ನ ಹತ್ರ ಬಂದ್ರೆ ಬಸ್ಸು ತಪ್ಪೋಗುತ್ತೆ ಅನ್ನೋ ಹಂಗೆ ಓಡುತ್ತಲ್ಲಮ್ಮ, ನಿನ್ನ ಕ್ಯಾಮೆರಾ?” ಎಂದು ಬೈರಮ್ಮನವರು ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಕೊಡಲು ಹೋಗಿ ಇನ್ನಷ್ಟು ಕೆಟ್ಟವಳಾದ ಕಾರಣ, ಈ ಅರ್ಜಿ.

ಇಂದ:
ಫಹ್ಮಿದಾ, ವಿಡಿಯೊ ಎಡಿಟರ್ (ಸ್ವಂತ ಕಲಿಕೆ),
ಜಾಫರ್ ಭಾಯ್ ಅವರ ಸ್ಟುಡಿಯೊ, ಶಿವಾಜಿನಗರ ಬಸ್ ನಿಲ್ದಾಣದ ಹಿಂದೆ.

ಗೆ:
1. ಶ್ರೀಮತಿ ಬೈರಮ್ಮನವರು, ಹಿರಿಯ ಸೊಸೆ, ಬೀದಿ ಕಡೆಯ ಬಾಗಿಲು
2. ಶ್ರೀಮತಿ ಸೌಂದರ್ಯಾ ಅವರು, ಕಿರಿಯ ಸೊಸೆ, ಹಿತ್ತಲ ಕಡೆಯ ಬಾಗಿಲು
ಒಂದೇ ಕಾಂಪೌಂಡು, ಹಲಸೂರು.
(ಹೆಸರುಗಳನ್ನು ವಯಸ್ಸಿನ ಪ್ರಕಾರ ಬರೆದಿದೆ. ಬೇರೆ ಅರ್ಥ ಕಲ್ಪಿಸಬಾರದು.)

ವಿಷಯ: ತಮ್ಮ ಅತ್ತೆ ಮುನಿವೆಂಕಟಮ್ಮನವರ ಎಂಬತ್ತು ತುಂಬಿದ ಸಮಾರಂಭದ ವಿಡಿಯೊದಲ್ಲಿ, ಮನೆಮಂದಿಯ ಫೋಟೊ ಮೇಲೆ ಕ್ಯಾಮೆರಾ ಒಂದೇ ವೇಗದಲ್ಲಿ ಸಾಗುವ ಬಗ್ಗೆ, ಮತ್ತು ಸಾಗಿದ್ದರಿಂದ ಆದ ತೊಂದರೆಯ ಬಗ್ಗೆ.

ಉಲ್ಲೇಖ:
1. ಬೈರಮ್ಮನವರ ಮೇಲ್ಕಂಡ ಮಾತು.
2. ಸೌಂದರ್ಯಾ ಅವರ ವಾಯ್ಸ್ ಮೆಸೇಜು: “ಫೋಟೊದಲ್ಲಿ ನಂದು ಕಣ್ಣು ಮುಚ್ಚಿದೆ. ಅಷ್ಟು ಜನ ಇದ್ದಾರೆ, ನನ್ನ ಮುಖದ ಮೇಲೇ ಯಾಕೆ ತೆವಳುತ್ತೆ ಅದು?”
3. ಮುನಿವೆಂಕಟಮ್ಮನವರ ಆದೇಶ: “ಓಡಿದ್ರೆ ನಂಗೆ ಕಾಣಲ್ಲ, ನಿಂತ್ರೆ ನಿದ್ದೆ ಬರುತ್ತೆ. ನಡಿಯೋ ಹಂಗಿರ್ಲಿ.”

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನಗೆ ನಿಮ್ಮ ಮನೆಯಲ್ಲಿ ಯಾರ ಮೇಲೂ ಪಕ್ಷಪಾತವಿಲ್ಲ. ಇಬ್ಬರ ಮನೆಯ ಕಾಫಿಯನ್ನೂ ಕುಡಿದಿದ್ದೇನೆ. ಒಂದೇ ಸಂಜೆ, ಒಂದರ ಹಿಂದೆ ಒಂದು, ಮೊದಲಿನದು ಕುಡಿದೇ ಇಲ್ಲ ಎಂಬಂತೆ.

1. ಫೋಟೊ ಉದ್ದವಾಗಿದೆ. ಟಿವಿಯಲ್ಲಿ ಒಮ್ಮೆಗೇ ತೋರಿಸಿದರೆ ಮುಖಗಳು ಸಾಸಿವೆ ಕಾಳಾಗುತ್ತವೆ. ಆದ್ದರಿಂದ ಹಿತ್ತಲ ಕಡೆಯಿಂದ ಬೀದಿ ಕಡೆಗೆ ಕ್ಯಾಮೆರಾ ನಿಧಾನವಾಗಿ ಸರಿದು ಹೋಗುವಂತೆ ಮಾಡಲು ತೀರ್ಮಾನಿಸಲಾಯಿತು. ಇದಕ್ಕೆ ಕೀಫ್ರೇಮ್ ಎಂಬುದನ್ನು ಹಾಕಬೇಕು. ‘ಇಷ್ಟು ಹೊತ್ತಿಗೆ ಇಲ್ಲಿರಬೇಕು’ ಎಂದು ಊರುವ ಗೂಟ ಅದು. ಒಂದು ಗೂಟದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ.

2. ಮನೆಗೆ ಬಂದವರಿಗೆಲ್ಲ ಒಂದೊಂದು ಹೂವು ಕೊಡುವ ಹಾಗೆ, ಪ್ರತಿಯೊಬ್ಬರ ಮುಖಕ್ಕೂ ನಾನು ಒಂದೊಂದು ಗೂಟ ಹೊಡೆದೆ. ಯಾರಿಗೂ ಬೇಸರವಾಗಬಾರದು ಎಂಬುದೇ ಉದ್ದೇಶ. ಆದರೆ ಕಂಪ್ಯೂಟರಿಗೆ ತನ್ನದೇ ಒಂದು ವಿನಯವಿದೆ. ಗೂಟ ಹತ್ತಿರವಾದರೆ ನಿಧಾನವಾಗುತ್ತದೆ, ನಿಲ್ಲುತ್ತದೆ, ದಾಟಿದ ಮೇಲೆ ದೌಡಾಯಿಸುತ್ತದೆ. ಜಾಫರ್ ಭಾಯ್ ಒಮ್ಮೆ ನೋಡಿ, ಇದು ವಿಡಿಯೊನೋ ಕೆ.ಆರ್. ಪುರಂ ಸಿಗ್ನಲ್ಲೋ ಎಂದು ಕೇಳಿ ಟೀ ಕುಡಿಯಲು ಹೋದರು.

3. ಕಾರಣ, ಎಲ್ಲಾ ಗೂಟಗಳನ್ನೂ ‘ಲೀನಿಯರ್’ ಎಂಬುದಕ್ಕೆ ತಿರುಗಿಸಿದೆ. ಅಂದರೆ, ವಿನಯ ಬೇಡ, ಸುಮ್ಮನೆ ಹೋಗು ಎಂದು. ನಿಲ್ಲುವುದು ನಿಂತಿತು. ಆದರೆ ಪ್ರತಿ ಮುಖದಿಂದ ಮುಖಕ್ಕೆ ಸಮಯ ಒಂದೇ, ನೀವು ನಿಂತ ದೂರ ಮಾತ್ರ ಬೇರೆಬೇರೆ. ಹಿತ್ತಲ ಕಡೆಯವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದೀರಿ. ಅಲ್ಲಿ ಕ್ಯಾಮೆರಾ ತೆವಳಿತು. ಅವರಲ್ಲಿ ಕೊನೆಯವರು ಸೌಂದರ್ಯಾ. ಆಮೇಲೆ ನೀರಿನ ನೀಲಿ ಡ್ರಮ್ಮು, ಅದರ ಮೇಲೆ ಬೆಕ್ಕು, ಒಂದಿಷ್ಟು ಗೋಡೆ, ಅದಾದ ಮೇಲೆ ಬೈರಮ್ಮನವರು. ಅಷ್ಟು ದೂರವನ್ನು ಅಷ್ಟೇ ಸಮಯದಲ್ಲಿ ದಾಟಲು ಕ್ಯಾಮೆರಾ ಓಡಲೇಬೇಕಾಯಿತು. ಓಡುತ್ತಾ ಬಂದದ್ದು ಬೈರಮ್ಮನವರ ಮುಖದ ಮೇಲೆ. ಆ ವಿಡಿಯೊವನ್ನು ತಮ್ಮ ಫೋನುಗಳಿಗೆ ಕಳಿಸಿದ ಮೇಲೆ ಉಲ್ಲೇಖ 1 ಮತ್ತು 2 ಹುಟ್ಟಿದ್ದು ಹೀಗೆ.

4. ಆ ಜಾಗ ಯಾಕೆ ಖಾಲಿ ಎಂಬುದು ನನ್ನ ವ್ಯಾಪ್ತಿಗೆ ಬರುವುದಿಲ್ಲ. ಫೋಟೊ ತೆಗೆದ ದಿನ ಜಾಫರ್ ಭಾಯ್ “ಸ್ವಲ್ಪ ಒತ್ತಿ ನಿಂತ್ಕೊಳಿ ಅಮ್ಮಾ” ಎಂದಾಗ ತಾವಿಬ್ಬರೂ ಒಂದೊಂದು ಹೆಜ್ಜೆ ಆಚೆಗೇ ಸರಿದಿರೆಂದು ಅವರು ಹೇಳುತ್ತಾರೆ. ಡ್ರಮ್ಮು ಯಾರದೆಂಬ ಬಗ್ಗೆ ಎರಡು ಹೇಳಿಕೆಗಳಿವೆ. ಎರಡನ್ನೂ ನಂಬಿದ್ದೇನೆ.

5. ಕೊನೆಗೆ ಮಧ್ಯದ ಗೂಟಗಳನ್ನೆಲ್ಲ ಕಿತ್ತೆ. ಮೊದಲಿಗೊಂದು, ಕೊನೆಗೊಂದು, ಅಷ್ಟೇ. ಎಲ್ಲರಿಗೂ ಮರ್ಯಾದೆ ಮಾಡಲು ಹೋಗಿದ್ದೇ ತಪ್ಪೆಂದು ಆಗ ತಿಳಿಯಿತು. ಕ್ಯಾಮೆರಾ ಬೆಳಗಿನ ವಾಕಿಂಗಿಗೆ ಹಲಸೂರು ಕೆರೆಯ ಬದಿಯಲ್ಲಿ ಹೊರಟವರ ಹಾಗೆ, ತಡವರಿಸದೆ, ಅವಸರವಿಲ್ಲದೆ ಸಾಗಿತು. ನನ್ನ ಕೆಲಸಕ್ಕೆ ನಾನೇ ಭೇಷ್ ಅಂದುಕೊಂಡು ನಿಮ್ಮ ಮನೆಗೆ ತಂದು ತೋರಿಸಿದೆ.

6. ಅಂದು ನಡೆದದ್ದು ತಮಗೆ ತಿಳಿದಿದೆ. ಆದರೂ ಅರ್ಜಿಯಲ್ಲಿ ಇರಲಿ. ತಾವಿಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದಿರಿ. ಮುನಿವೆಂಕಟಮ್ಮಜ್ಜಿ ಕಣ್ಣಿನ ಆಪರೇಷನ್ ಆದ ಮೇಲೆ ಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ನಡುವೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸೌಂದರ್ಯಾ ಮುಗಿದು ಡ್ರಮ್ಮು ಬಂತು. ಓಡುವಾಗ ಕಾಣದಿದ್ದ ಡ್ರಮ್ಮು ಈಗ ನಡೆಯುವ ವೇಗದಲ್ಲಿ ಬಂತು, ಹೋಗಲೇ ಇಲ್ಲ. ಮನೆಯ ಅಳಿಯನಿಗೂ ಅಷ್ಟು ಹೊತ್ತು ಸಿಕ್ಕಿಲ್ಲ. ಅದಾದ ಮೇಲೆ ಬರೀ ಗೋಡೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಕಣ್ಣು ಮಂಜಾಗಿದ್ದಾಗ, ಇಬ್ರೂ ಪಕ್ಕಪಕ್ಕದಲ್ಲೇ ಇದ್ದೀರ ಅಂದ್ಕೊಂಡಿದ್ದೆ” ಎಂದರು.

ನಾನು ವೈರು ಸುತ್ತಿಕೊಂಡು, ಕಾಫಿಗೂ ಕಾಯದೆ ಹೊರಟೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

7. ತರುವಾಯ ಬೈರಮ್ಮನವರು ಗೇಟಿನವರೆಗೆ ಬಂದು, ಆ ಜಾಗದಲ್ಲಿ ಹೇಗಾದರೂ ಓಡಿಸಿಬಿಡು, ಅದನ್ನು ನಾಲ್ಕು ಜನರೆದುರು ತೋರಿಸುವುದಾದರೆ ನಾನು ಸಮಾರಂಭಕ್ಕೇ ಬರುವುದಿಲ್ಲ ಎಂದರು. ನಾನು ಬಸ್ಸು ಹತ್ತುವಷ್ಟರಲ್ಲಿ ಸೌಂದರ್ಯಾ ಅವರೂ ಫೋನು ಮಾಡಿ ಅದನ್ನೇ ಹೇಳಿದರು, ಅದೇ ಬೆದರಿಕೆಯೊಂದಿಗೆ. ತಾವಿಬ್ಬರೂ ಒಂದೇ ಮಾತು ಆಡಿದ್ದು ನಾನು ಕೇಳಿದ್ದು ಇದೇ ಮೊದಲಾದ್ದರಿಂದ, ಬಹಳ ಸಂತೋಷವಾಯಿತು. ಆದರೆ ನೆರವೇರಿಸಲು ಸಾಧ್ಯವಾಗಿಲ್ಲ. ಓಡಿಸಿದರೆ ಅಜ್ಜಿಗೆ ಕಾಣುವುದಿಲ್ಲ. ಖಾಲಿ ಜಾಗ ಕತ್ತರಿಸಿ ಎರಡು ತುದಿ ಅಂಟಿಸಿ ನೋಡಿದೆ. ಬೆಕ್ಕು ಅರ್ಧವಾಯಿತು. ಅಜ್ಜಿ ಮೊದಲು ಕೇಳಿದ್ದೇ ಅದರ ಬಾಲ ಎಲ್ಲಿ ಎಂದು.

ಆದ್ದರಿಂದ, ಒಂದೇ ವೇಗದಲ್ಲಿ ಹೋಗುವ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬ ಕಾರಣದಿಂದಲೂ, ಇದ್ದದ್ದನ್ನು ಬದಲಿಸುವ ಬಟನ್ ನನ್ನ ಸಾಫ್ಟ್‌ವೇರಿನಲ್ಲಿ ಇಲ್ಲದ ಕಾರಣದಿಂದಲೂ, ಎಂಬತ್ತರ ಹೆಂಗಸು ತನ್ನ ಹಬ್ಬದ ದಿನ ಇಬ್ಬರು ಸೊಸೆಯರ ದಾರಿಯನ್ನೂ ಕಾಯುತ್ತಾ ಕೂರಬಾರದೆಂಬ ಕಾರಣದಿಂದಲೂ, ತಾವು ದಯಮಾಡಿ ಡ್ರಮ್ಮನ್ನು ಬೇರೆಡೆಗೆ ವರ್ಗಾಯಿಸಿ, ತೆರವಾದ ಸ್ಥಾನದಲ್ಲಿ ಪಕ್ಕಪಕ್ಕ ನಿಂತು ಮತ್ತೊಂದು ಫೋಟೊಗೆ ಅವಕಾಶ ಮಾಡಿಕೊಡಬೇಕಾಗಿ ಕೋರುತ್ತೇನೆ. ಮಾತಾಡುವ ಅಗತ್ಯವಿಲ್ಲ. ಫೋಟೊದಲ್ಲಿ ಧ್ವನಿ ಬರುವುದಿಲ್ಲ.

ತಮ್ಮ ವಿಶ್ವಾಸಿ
(ಇಬ್ಬರಿಗೂ ಸಮಪಾಲು),
ಫಹ್ಮಿದಾ

ಲಗತ್ತುಗಳು:
1. ಹಳೆಯ ಫೋಟೊ.
2. ಅರ್ಧ ಬೆಕ್ಕಿನ ಫೋಟೊ (ಅಜ್ಜಿಗೆ ಮತ್ತೆ ತೋರಿಸಬಾರದು).
3. ಜಾಫರ್ ಭಾಯ್, ಕ್ಯಾಮೆರಾ ಸಮೇತ, ಗೇಟಿನ ಹೊರಗೆ.

ಷರಾ: ಅರ್ಜಿಯನ್ನು ಖುದ್ದಾಗಿ ತಲುಪಿಸಲಾಯಿತು. ಬೈರಮ್ಮನವರು ಜಗಲಿಯಲ್ಲಿ ನಿಂತು, ಹಿತ್ತಲ ಬಾಗಿಲಿಗೂ ಕೇಳುವ ಹಾಗೆ, ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೋಗಿ ಒಬ್ಬರೇ ಡ್ರಮ್ಮು ನೂಕಿದರು. ಬೆಳಿಗ್ಗೆ ಕಾವೇರಿ ನೀರು ಬಿಟ್ಟಿದ್ದರಿಂದ ಅದು ತುಂಬಿತ್ತು, ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸೌಂದರ್ಯಾ ಬಂದರು.

“ಈ ಕಡೆ ನಾನು ಹಿಡಿತೀನಿ ಅಕ್ಕ.”

“ಮೊದ್ಲು ಆ ಬೆಕ್ಕು ಇಳಿಸು.”

ಬೆಕ್ಕು ತಾನೇ ಹಾರಿ ಅಜ್ಜಿಯ ಕುರ್ಚಿಯ ಕೆಳಗೆ ಹೋಯಿತು. ಡ್ರಮ್ಮು ಸರಿಯುವಾಗ ನೀರು ತುಳುಕಿ ನೆಲ ಒದ್ದೆಯಾಯಿತು. ಇಬ್ಬರೂ ಸೀರೆ ಸ್ವಲ್ಪ ಎತ್ತಿಕೊಂಡು ಅಲ್ಲಿಯೇ ನಿಂತರು. ಹೊಸ ಫೋಟೊದಲ್ಲೂ ಸೌಂದರ್ಯಾ ಅವರ ಕಣ್ಣು ಮುಚ್ಚಿದೆ.